ಗೀತಾ ಫೋಗಟ್ ನಿಜವಾಗಿ ಗೆದ್ದ ಕುಸ್ತಿ

ಕುಸ್ತಿಪಟು ಗೀತಾ ಫೋಗಟ್ ಅವರ ಬದುಕನ್ನು ಆಧರಿಸಿದ ‘ದಂಗಲ್’ ಚಿತ್ರವನ್ನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಕೊನೆಯ ಕುಸ್ತಿಯ ಹೊತ್ತಿಗೆ ಕಣ್ಣು ತುಂಬಿ ಬಂದಿದೆ. ಮೂರನೆಯ ಸುತ್ತಿನಲ್ಲಿ ಗೀತಾ ಹಿಂದೆ ಬಿದ್ದಿದ್ದಾಳೆ, ಉಳಿದಿರುವುದು ಕೆಲವೇ ಸೆಕೆಂಡು, ಆಗ ಎದುರಾಳಿಯನ್ನು ಎತ್ತಿ ಒಗೆದು ಒಂದೇ ಪಟ್ಟಿನಲ್ಲಿ ಐದು ಅಂಕ ಗಳಿಸುತ್ತಾಳೆ. ಕೋಚ್‌ನ ಸಂಚಿನಿಂದ ಕತ್ತಲೆ ಕೋಣೆಯಲ್ಲಿ ಸಿಕ್ಕಿಕೊಂಡ ಅಪ್ಪ, ರಾಷ್ಟ್ರಗೀತೆ ಕಿವಿಗೆ ಬಿದ್ದಾಗಲೇ ಮಗಳು ಗೆದ್ದಳೆಂದು ಅರಿಯುತ್ತಾನೆ.

2010ರ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಡೆದದ್ದೇ ಬೇರೆ. 55 ಕೆ.ಜಿ. ವಿಭಾಗದ ಫೈನಲ್‌ನಲ್ಲಿ ಗೀತಾ ಫೋಗಟ್ ಆಸ್ಟ್ರೇಲಿಯಾದ ಎಮಿಲಿ ಬೆನ್‌ಸ್ಟೆಡ್ ಅವರನ್ನು 1–0, 7–0ರಿಂದ ಮಣಿಸಿದರು. ಮೂರರಲ್ಲಿ ಎರಡು ಸುತ್ತು ಗೆದ್ದವರಿಗೆ ಜಯ ಎಂಬ ಅಂದಿನ ನಿಯಮದಂತೆ ಮೂರನೆಯ ಸುತ್ತು ನಡೆಯಲೇ ಇಲ್ಲ. ತಂದೆ ಮಹಾವೀರ್ ಸಿಂಗ್ ಫೋಗಟ್ ಕ್ರೀಡಾಂಗಣದಲ್ಲಿಯೇ ಇದ್ದರು. ನನ್ನ ಮಟ್ಟಿಗೆ ಈ 7–0 ಚಿತ್ರದ ಐದು ಅಂಕಗಳಿಗಿಂತ ದೊಡ್ಡದು. ವರ್ಷಗಟ್ಟಲೆ ನಸುಕಿನಲ್ಲೆದ್ದು ಮಣ್ಣಿನಲ್ಲಿ ಹೊರಳಿದ ಹುಡುಗಿಯೊಬ್ಬಳು ಫೈನಲ್‌ನಲ್ಲಿ ಎದುರಾಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲವೆಂದರೆ, ಆ ಸಾಧನೆಗೆ ಕೊನೆಯ ಕ್ಷಣದ ಪವಾಡದ ಹಂಗೇಕೆ ಬೇಕು? ಅಷ್ಟೇ ಅಲ್ಲ, 2009ರಲ್ಲಿ ಜಲಂಧರ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿಯೂ ಅವರು ಚಿನ್ನ ಗೆದ್ದಿದ್ದರು. ಹೊರದೇಶದವರ ಎದುರು ಸೋತು ಸೋತು ಕುಗ್ಗಿದವಳಂತೆ ಚಿತ್ರವು ಅವರನ್ನು ತೋರಿಸಿದ್ದು ನನಗೆ ಸರಿಕಾಣುವುದಿಲ್ಲ.

ಕೋಚ್ ಪಾತ್ರದ ವಿಷಯದಲ್ಲಂತೂ ನನ್ನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೆಸರು ಬದಲಿಸಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ಆ ಕೂಟದಲ್ಲಿ ತಂಡದ ಕೋಚ್ ಆಗಿದ್ದವರು ಪಿ.ಆರ್. ಸೋಂಧಿ ಎಂಬುದು ಕುಸ್ತಿ ಬಲ್ಲ ಎಲ್ಲರಿಗೂ ಗೊತ್ತು. ಮಾಡದ ತಪ್ಪನ್ನು ಪರದೆಯ ಮೇಲೆ ಹೊರಬೇಕಾಗಿ ಬಂದುದಕ್ಕೆ ಅವರು ನೊಂದು ಬಹಿರಂಗವಾಗಿಯೇ ಅಸಮಾಧಾನ ವ್ಯಕ್ತಪಡಿಸಿದರು. ಕಥೆಗೊಬ್ಬ ಖಳ ಬೇಕೆಂದು ಬದುಕಿರುವ ಮನುಷ್ಯನ ವೃತ್ತಿಗೌರವವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ.

ಹರಿಯಾಣದ ಬಲಾಲಿ ಗ್ರಾಮ, ಕತ್ತರಿಸಿದ ಕೂದಲು, ಗಂಡುಹುಡುಗರೊಡನೆ ಕುಸ್ತಿ, ಊರವರ ಕೊಂಕು ನುಡಿ, ಇವೆಲ್ಲವೂ ನಿಜ ಬದುಕಿನವೇ, ಮತ್ತು ಚಿತ್ರ ಅವನ್ನು ಬಹಳ ಚೆನ್ನಾಗಿ ಹಿಡಿದಿದೆ. ಆದರೆ ಆ ಮನೆಯಲ್ಲಿ ಬೆಳೆದವರು ನಾಲ್ವರು ಹೆಣ್ಣುಮಕ್ಕಳಷ್ಟೇ ಅಲ್ಲ. ತಮ್ಮ ತೀರಿಕೊಂಡ ಮೇಲೆ ಅವನ ಹೆಣ್ಣುಮಕ್ಕಳಾದ ವಿನೇಶ್ ಮತ್ತು ಪ್ರಿಯಾಂಕಾ ಅವರನ್ನೂ ಮಹಾವೀರ್ ಅದೇ ಅಖಾಡದಲ್ಲಿ ಪಳಗಿಸಿದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ವಿನೇಶ್ ಚಿನ್ನ ಗೆದ್ದಿದ್ದರೂ 2016ರ ಈ ಚಿತ್ರದಲ್ಲಿ ಅವರಿಲ್ಲ. ಅವರ ಜಾಗದಲ್ಲಿ ನಗಿಸುವುದಕ್ಕೆಂದು ಒಬ್ಬ ಹುಡುಗನಿದ್ದಾನೆ.

ಗರಡಿಯಲ್ಲಿ ಯಾವ ಪೈಲ್ವಾನನೂ ತನ್ನ ಉಸ್ತಾದನ ಹೆಸರು ಹೇಳದೆ ಮಾತು ಆರಂಭಿಸುವುದಿಲ್ಲ. ಮಹಾವೀರ್ ಅವರ ಉಸ್ತಾದ್ ಮಾಸ್ಟರ್ ಚಂದಗಿ ರಾಮ್, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕ ವಿಜೇತರು. ತಮ್ಮ ಹೆಣ್ಣುಮಕ್ಕಳನ್ನೇ ಅಖಾಡಕ್ಕಿಳಿಸಿ ಶಿಷ್ಯನಿಗೆ ದಾರಿ ತೋರಿಸಿದವರು ಅವರು. ಊರಿಗೆ ಊರೇ ಎದುರಾದಾಗ ಒಬ್ಬಂಟಿಯಾಗಿ ನಿಂತ ಅಪ್ಪನ ಕಥೆಯಲ್ಲಿ ಆ ಗುರುವಿಗೆ ಎಡೆ ಸಿಗಲಿಲ್ಲ. ಚಂದಗಿ ರಾಮ್ 2010ರ ಜೂನ್ ಕೊನೆಯಲ್ಲಿ ತೀರಿಕೊಂಡರು. ಶಿಷ್ಯನ ಮಗಳು ದೆಹಲಿಯಲ್ಲಿ ಚಿನ್ನ ಗೆದ್ದದ್ದು ಅದಾಗಿ ಮೂರು ತಿಂಗಳು ಕಳೆದ ಮೇಲೆ.