ಎಷ್ಟು ವ್ಯಾಟ್ ಎಂದು ಕೇಳುವ ಮೊದಲು

ಕಳೆದ ತಿಂಗಳು ತುಮಕೂರಿನಿಂದ ನನ್ನ ಸೋದರಮಾವ ಫೋನ್ ಮಾಡಿದ್ದರು. ನಿವೃತ್ತಿಯಾದ ಮೇಲೆ ಬೆಳಗಿನ ಹೊತ್ತು ಮನೆಯಲ್ಲಿ ಕೂತು ಸಂಗೀತ ಕೇಳಲು ಒಂದು ಜೊತೆ ಸ್ಪೀಕರ್ ಬೇಕು, ಎಲ್ಲ ಸೇರಿ ಮೂವತ್ತು ಸಾವಿರದೊಳಗೆ ಮುಗಿಯಬೇಕು ಎಂದರು. ಅದರ ಹಿಂದೆಯೇ, "ಎಷ್ಟು ವ್ಯಾಟಿನದು ತಗೊಳ್ಳಲಪ್ಪ? ಅಂಗಡಿಯವನು 200 ವ್ಯಾಟ್ ಇರಲೇಬೇಕು ಅಂತಿದ್ದಾನೆ" ಎಂದು ಕೇಳಿದರು. "ಮಾವ, ನೀವು ಎಷ್ಟು ದೂರ ಕೂತು ಕೇಳ್ತೀರಿ, ಅದನ್ನ ಮೊದಲು ಹೇಳಿ" ಎಂದೆ. ಅವರಿಗೆ ಈ ಮರುಪ್ರಶ್ನೆ ಅರ್ಥವಾಗಲಿಲ್ಲ. ಅವರೊಬ್ಬರಿಗೇ ಅಲ್ಲ, ಈ ವಿಷಯವಾಗಿ ನನ್ನನ್ನು ಕೇಳಿದ ಹೆಚ್ಚಿನವರಿಗೂ ಅರ್ಥವಾಗಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ವ್ಯಾಟ್‌ನ ಮೋಹ ನಮಗೆ ಟೇಪ್ ರೆಕಾರ್ಡರ್ ಕಾಲದಿಂದ ಅಂಟಿಕೊಂಡು ಬಂದದ್ದು. ಟೂ-ಇನ್-ಒನ್‌ಗಳ ಮೇಲೆ ಬೆಳ್ಳಿಬಣ್ಣದ ಚೀಟಿಯಲ್ಲಿ ಸಾವಿರಾರು ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಹೇಳಿಕೊಳ್ಳುವ ಸಂಖ್ಯೆ) ಎಂದು ಬರೆದಿರುತ್ತಿದ್ದುದು ನನ್ನ ವಯಸ್ಸಿನವರೆಲ್ಲರಿಗೂ ನೆನಪಿರಬಹುದು. ಆ ಸಂಖ್ಯೆಯನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಒಂದು ಕ್ರಮವೇ ಇರಲಿಲ್ಲ; ತಯಾರಕರು ತಮಗೆ ತೋಚಿದ್ದನ್ನು ಬರೆದುಕೊಳ್ಳುತ್ತಿದ್ದರು. ಈಗ ಆ ಚೀಟಿ ಹೋಗಿದೆ, ಆದರೆ ದೊಡ್ಡ ಸಂಖ್ಯೆ ಎಂದರೆ ಒಳ್ಳೆಯ ಸದ್ದು ಎಂಬ ನಂಬಿಕೆ ಹೋಗಿಲ್ಲ.

ಸ್ಪೀಕರ್‌ನ ವಿವರಪಟ್ಟಿಯಲ್ಲಿ ನಾವು ಮೊದಲು ಹುಡುಕಬೇಕಾದದ್ದು ಸೆನ್ಸಿಟಿವಿಟಿ ಎಂಬ ಸಾಲನ್ನು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದನ್ನು ಅದು ಹೇಳುತ್ತದೆ. ಬುಕ್‌ಶೆಲ್ಫ್ ಎನ್ನುವ ಚಿಕ್ಕ ಗಾತ್ರದ ಮಾಮೂಲಿ ಸ್ಪೀಕರ್‌ಗಳಲ್ಲಿ ಇದು 84ರಿಂದ 89ರವರೆಗೆ ಇರುತ್ತದೆ. ಮಾವನ ಮನೆಯ ಹಾಲ್‌ನಲ್ಲಿ ಅವರ ಕುರ್ಚಿಗೂ ಸ್ಪೀಕರ್ ಇಡುವ ಗೋಡೆಗೂ ನಡುವೆ ಎಂಟೂವರೆ ಅಡಿ. 86 ಡೆಸಿಬೆಲ್‌ನ ಒಂದು ಜೊತೆಗೆ ಒಂದೊಂದು ವ್ಯಾಟ್ ಕೊಟ್ಟರೆ, ದೂರದಿಂದ ಆಗುವ ನಷ್ಟವನ್ನು ಕಳೆದು, ಎರಡು ಸ್ಪೀಕರ್ ಇರುವುದರಿಂದ ಆಗುವ ಲಾಭವನ್ನು ಕೂಡಿಸಿದರೆ, ಆ ಕುರ್ಚಿಯಲ್ಲಿ ಸುಮಾರು 80 ಡೆಸಿಬೆಲ್ ಕೇಳಿಸುತ್ತದೆ. ಮನೆಯಲ್ಲಿ ನೆಮ್ಮದಿಯಾಗಿ ಕೇಳುವಾಗ ಸರಾಸರಿ ಸದ್ದು 70ರ ಆಸುಪಾಸಿನಲ್ಲಿರುತ್ತದೆ. ಹತ್ತು ಡೆಸಿಬೆಲ್ ಕಡಿಮೆ ಎಂದರೆ ಹತ್ತನೇ ಒಂದು ಪಾಲು ಶಕ್ತಿ. ಅಂದರೆ ಮಾವ ಕೇಳುವ ಹೊತ್ತಿನ ಬಹುಭಾಗ ಅವರ ಆಂಪ್ಲಿಫೈಯರ್ (ಸ್ಪೀಕರ್‌ಗೆ ಶಕ್ತಿ ಕೊಡುವ ಪೆಟ್ಟಿಗೆ, ಚಿಕ್ಕದಾಗಿ ಆಂಪ್) ಕೊಡುತ್ತಿರುವುದು 0.1 ವ್ಯಾಟ್ ಅಷ್ಟೆ. ಮೃದಂಗದ ಮುಕ್ತಾಯದ ಹೊಡೆತದಂಥ ಕ್ಷಣಗಳಲ್ಲಿ ಸದ್ದು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಚಿಮ್ಮಬಹುದು; ಅದಕ್ಕೆ ನೂರು ಪಟ್ಟು, ಎಂದರೆ 10 ವ್ಯಾಟ್ ಬೇಕು. ನಿಜವಾದ 30 ವ್ಯಾಟ್ ಇದ್ದರೆ ಆ ಹಾಲ್‌ಗೆ ಧಾರಾಳವಾಯಿತು.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ 50 ವ್ಯಾಟಿನ ಬದಲು 100 ವ್ಯಾಟಿನ ಆಂಪ್‌ಗೆ ಹಣ ಸುರಿದವರಿಗೆ ಸಿಗುವುದು, 85ರ ಬದಲು 88 ಡೆಸಿಬೆಲ್‌ನ ಸ್ಪೀಕರ್ ಆರಿಸಿಕೊಂಡವರಿಗೆ ಪುಕ್ಕಟೆಯಾಗಿ ಸಿಗುವಷ್ಟೇ ಲಾಭ. ಹಾಗೆಂದು ಸೆನ್ಸಿಟಿವಿಟಿ ಕಡಿಮೆಯಿದ್ದರೆ ಸ್ಪೀಕರ್ ಕೆಟ್ಟದ್ದು ಎಂದೇನೂ ಅಲ್ಲ. ಬ್ರಿಟನ್ನಿನ ಬಿಬಿಸಿ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರನ್ನು ರೂಪಿಸಿತು. ಅದರದು 83ರ ಆಸುಪಾಸು, ಆದರೂ ಮನುಷ್ಯರ ಕಂಠವನ್ನು ಅದು ನುಡಿಸುವ ರೀತಿಗೆ ಮನಸೋತವರು ಇಂದಿಗೂ ಅದನ್ನು ಹುಡುಕಿ ಕೊಳ್ಳುತ್ತಾರೆ.

ಈಗ ಆಂಪ್‌ನ ವಿಷಯ. ಕ್ಲಾಸ್-ಡಿ ಎಂಬ, ಹೆಚ್ಚು ಬಿಸಿಯಾಗದ ಬಗೆಯ ಅಂಗೈಯಗಲದ ಆಂಪ್‌ಗಳು ಈಗ ಕೆಲವೇ ಸಾವಿರಕ್ಕೆ ಸಿಗುತ್ತವೆ, ಮತ್ತು ಅವುಗಳಲ್ಲಿ ಹಲವು ನಿಜಕ್ಕೂ ಒಳ್ಳೆಯವು. ಆದರೆ ಅವುಗಳ ಡಬ್ಬಿಯ ಮೇಲಿನ ಬರಹವನ್ನಲ್ಲ, ಅಡಾಪ್ಟರ್‌ನ ಬೆನ್ನ ಮೇಲಿನ ಬರಹವನ್ನು ಓದಬೇಕು. ಆರು ವರ್ಷಗಳ ಹಿಂದೆ ನಾನು ಕೊಂಡ ಒಂದು ಆಂಪ್‌ನ ಡಬ್ಬಿಯಲ್ಲಿ ಎರಡು ಕಡೆಗೂ ನೂರು ನೂರು ವ್ಯಾಟ್ ಎಂದು ದಪ್ಪಕ್ಷರದಲ್ಲಿತ್ತು. ಜೊತೆಗೆ ಬಂದ ಅಡಾಪ್ಟರನ್ನು ತಿರುವಿ ನೋಡಿದರೆ ಸಣ್ಣಕ್ಷರದಲ್ಲಿ 12 ವೋಲ್ಟ್, 3 ಆಂಪಿಯರ್ ಎಂದಿತ್ತು. ಹನ್ನೆರಡು ಮೂರಲ ಮೂವತ್ತಾರು. ಗೋಡೆಯಿಂದ ಬರುವುದೇ 36 ವ್ಯಾಟ್ ಆದರೆ ಸ್ಪೀಕರ್‌ಗೆ 200 ವ್ಯಾಟ್ ಹೋಗುವುದು ಹೇಗೆ? ಇಂಥ ಆಂಪ್‌ಗಳು ಸ್ಪೀಕರ್‌ಗೆ ಕೊಡಬಲ್ಲ ಅಲೆಯ ಎತ್ತರ ಅಡಾಪ್ಟರ್‌ನ ವೋಲ್ಟೇಜನ್ನು ಮೀರುವುದಿಲ್ಲ. 12 ವೋಲ್ಟ್ ಎತ್ತರದ ಅಲೆಯಿಂದ 8 ಓಮ್ ಸ್ಪೀಕರ್‌ಗೆ ಸಿಗುವುದು ಹೆಚ್ಚೆಂದರೆ 9 ವ್ಯಾಟ್. ಅದೇ ಆಂಪ್ 24 ವೋಲ್ಟ್ ತಡೆಯುವಂಥದ್ದಾಗಿ, ಅಷ್ಟನ್ನೇ ಕೊಟ್ಟರೆ ವೋಲ್ಟೇಜ್ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. 36 ವ್ಯಾಟ್ ಆಗುತ್ತದೆ.

ನಾನು ಅದನ್ನು ಆಗ ತಿಳಿದಿರಲಿಲ್ಲ. ಹಬ್ಬದ ದಿನ ಮನೆ ತುಂಬ ನೆಂಟರಿದ್ದಾಗ ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಒಂಬತ್ತು ವ್ಯಾಟಿನ ಆಂಪ್ ತನ್ನ ಮಿತಿ ಮೀರಿದಾಗ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ, ಅದರಿಂದ ಹುಟ್ಟುವ ಕರ್ಕಶ ಶಕ್ತಿಯೆಲ್ಲ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಭಾಗವಾದ ಟ್ವೀಟರ್‌ನ ಕೂದಲೆಳೆಯಂಥ ತಂತಿಗೆ ಹೋಗಿ ಬೀಳುತ್ತದೆ. ಸಂಜೆಯ ಹೊತ್ತಿಗೆ ಎಡಗಡೆಯ ಟ್ವೀಟರ್ ಸುಟ್ಟಿತ್ತು. ಹೆಚ್ಚು ವ್ಯಾಟಿನ ಆಂಪ್ ಸ್ಪೀಕರನ್ನು ಸುಡುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಆದರೆ ಮನೆಗಳಲ್ಲಿ ಟ್ವೀಟರ್‌ಗಳು ಸುಡುವುದು ಬಹಳ ಸಲ ಕಡಿಮೆ ವ್ಯಾಟಿನ ಆಂಪನ್ನು ಹಿಂಡುವುದರಿಂದ.

ಚಿಪ್ ತಯಾರಕರ ಸಂಖ್ಯೆಯನ್ನೂ ಸ್ವಲ್ಪ ಬಿಡಿಸಿ ಓದಬೇಕಾಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಎಂಬ ಚಿಪ್ ಇಂಥ ಬಹಳಷ್ಟು ಆಂಪ್‌ಗಳ ಹೊಟ್ಟೆಯಲ್ಲಿದೆ. ಅದಕ್ಕೆ ಹೇಳುವ 50 ವ್ಯಾಟ್ 21 ವೋಲ್ಟ್‌ನಲ್ಲಿ, 4 ಓಮ್ ಸ್ಪೀಕರ್‌ಗೆ, 10 ಪ್ರತಿಶತ ವಿಕೃತಿ (ಮೂಲ ದನಿಯಲ್ಲಿಲ್ಲದ ಕಲಬೆರಕೆ) ಸೇರಿಸಿಕೊಂಡು ಅಳೆದದ್ದು. ಕಂಪನಿ ಇದನ್ನು ತನ್ನ ದಾಖಲೆಯಲ್ಲಿ ಮುಚ್ಚಿಟ್ಟಿಲ್ಲ. ಆಂಪ್ ಮಾರುವವರ ಡಬ್ಬಿಗೆ ಬರುವಷ್ಟರಲ್ಲಿ ಶರತ್ತುಗಳೆಲ್ಲ ಉದುರಿ 50 ಮಾತ್ರ ಉಳಿಯುತ್ತದೆ. ಹಳೆಯ, ಟ್ರಾನ್ಸ್‌ಫಾರ್ಮರ್ ಇರುವ ಭಾರದ ಆಂಪ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದೂ ಒಳ್ಳೆಯ ದಾರಿಯೇ. ಆದರೆ ಸ್ಪೀಕರ್ ಜೋಡಿಸುವ ಮೊದಲು ಅದರ ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿದು ಡಿಸಿ ವೋಲ್ಟೇಜ್ ನೋಡಲೇಬೇಕು. 50 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, ವೋಲ್ಟ್‌ಗಳ ಲೆಕ್ಕದಲ್ಲಿದ್ದರೆ ಆ ಆಂಪ್ ಕೆಳಸ್ವರಗಳನ್ನು ನುಡಿಸುವ ದೊಡ್ಡ ಭಾಗವಾದ ವೂಫರನ್ನು ನುಂಗುತ್ತದೆ.

ಹಣದ ಹಂಚಿಕೆಯಲ್ಲಿ ನನ್ನ ಅಭಿಪ್ರಾಯ ಖಚಿತವಾದದ್ದು: ಮೂರರಲ್ಲಿ ಎರಡು ಪಾಲು ಸ್ಪೀಕರ್‌ಗೆ, ಉಳಿದದ್ದು ಬೇರೆ ಎಲ್ಲದಕ್ಕೆ. ಯಾವ ಸ್ಪೀಕರ್ ಎಂಬುದನ್ನು ನೀವು ಏನು ಕೇಳುತ್ತೀರಿ ಎನ್ನುವುದು ನಿರ್ಧರಿಸಬೇಕು. ಗಂಡುಕಂಠದ ಗಾಯನಕ್ಕೆ ತಂಬೂರಿಯನ್ನು ಪಾಶ್ಚಾತ್ಯರು 'ಸಿ' ಎನ್ನುವ ಶ್ರುತಿಗೆ ಕೂಡಿಸಿದರೆ ಅದರ ಮಂದ್ರ ಷಡ್ಜದ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ನಾಲ್ಕಂಗುಲದ ವೂಫರ್ ಇರುವ ಸಣ್ಣ ಸ್ಪೀಕರ್‌ಗಳು ಸಾಮಾನ್ಯವಾಗಿ ಇದಕ್ಕಿಂತ ಮೇಲೆಯೇ ಸೊರಗತೊಡಗುತ್ತವೆ. ಆಗಲೂ ತಂಬೂರಿ ಕೇಳಿಸುತ್ತದೆ, ಏಕೆಂದರೆ ಅದರ ನಾದದ ಸಂಪತ್ತೆಲ್ಲ ಮೇಲಿನ ಅನುಸ್ವರಗಳಲ್ಲಿದೆ. ಆದರೆ ಕೋಣೆಯನ್ನು ತುಂಬುವ ಆ ತಳಪಾಯ, ಮೃದಂಗದ ಎಡಮುಖಕ್ಕೆ ರವೆ ಮೆತ್ತಿದಾಗ ಬರುವ ಗುಂಕಾರ, ಇವು ಬಡವಾಗುತ್ತವೆ. ಆದ್ದರಿಂದ ಜಾಗ ಇದ್ದವರು ಐದರಿಂದ ಆರೂವರೆ ಅಂಗುಲದ ವೂಫರ್ ಇರುವುದನ್ನು ನೋಡಬೇಕು. ವಾರ್ಫ್‌ಡೇಲ್‌ನ ಡೈಮಂಡ್ ಸರಣಿ, ಕ್ಯೂ ಅಕೌಸ್ಟಿಕ್ಸ್‌ನ 3020ಐ, ಎಲಾಕ್‌ನ ಡೆಬ್ಯೂ ಬಿ6.2 ಇಂಥವು ಈ ವರ್ಗದವು. 1970ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ನಮ್ಮದೇ ದೇಶದ ಸೋನೋಡೈನ್ ಕೂಡ ಕಿವಿಗೊಟ್ಟು ಕೇಳಬೇಕಾದ ಹೆಸರು. ಕೊಳ್ಳುವ ಮೊದಲು ಅಂಗಡಿಯಲ್ಲಿ ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡನ್ನೇ ಹಾಕಿಸಿ ಕೇಳಿ, ಅವರು ಹಾಕುವ ಹಾಡನ್ನಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಒಂದು ಮಾತು. ವೂಫರ್‌ನ ಅಂಚಿನ ಸುತ್ತ ಇರುವ ಮೆತ್ತನೆಯ ಉಂಗುರ ಫೋಮ್‌ನದಾಗಿದ್ದರೆ ಹತ್ತು ಹದಿನೈದು ವರ್ಷದಲ್ಲಿ ಅದು ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ, ಕರಾವಳಿಯ ತೇವಕ್ಕೆ ಇನ್ನೂ ಬೇಗ. ರಬ್ಬರಿನ ಉಂಗುರ ಬಹಳ ಕಾಲ ಬಾಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲಂತೂ ಜಾಲರಿ ತೆಗೆಸಿ, ಬೆರಳಿನಿಂದ ಮೆಲ್ಲಗೆ ಒತ್ತಿ ನೋಡದೆ ಹಣ ಕೊಡಬೇಡಿ.

ಇಷ್ಟೆಲ್ಲ ಸರಿಯಾಗಿ ಆರಿಸಿದ ಮೇಲೆ ನಮ್ಮ ಮನೆಗಳಲ್ಲಿ ಸ್ಪೀಕರ್ ಹೋಗಿ ಕೂರುವುದು ಷೋಕೇಸ್‌ನ ಗೂಡಿನೊಳಗೆ. ನನಗೆ ಅತ್ಯಂತ ಸಂಕಟವಾಗುವುದು ಇದನ್ನು ಕಂಡಾಗ. ಬುಕ್‌ಶೆಲ್ಫ್ ಎಂಬ ಹೆಸರು ಗಾತ್ರವನ್ನು ಹೇಳುವುದೇ ಹೊರತು ಜಾಗವನ್ನಲ್ಲ. ಹೆಚ್ಚಿನವುಗಳ ಬೆನ್ನಿನಲ್ಲಿ ಗಾಳಿ ಆಡಲು ಒಂದು ರಂಧ್ರವಿರುತ್ತದೆ. ಅದನ್ನು ಗೂಡಿನ ಹಿಂಬದಿಗೆ ಒತ್ತಿ ಇಟ್ಟರೆ ಕೆಳಸ್ವರಗಳೆಲ್ಲ ಒಂದರೊಳಗೊಂದು ಕಲಸಿಹೋಗಿ ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತವೆ. ಗೋಡೆಯಿಂದ ಒಂದಡಿಯಾದರೂ ಮುಂದಿರಬೇಕು, ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕಿರಬೇಕು, ಎರಡು ಸ್ಪೀಕರ್‌ಗಳ ನಡುವಿನ ಅಂತರವೂ ಅವುಗಳಿಂದ ನಿಮಗಿರುವ ಅಂತರವೂ ಹೆಚ್ಚುಕಡಿಮೆ ಒಂದೇ ಇರಬೇಕು. ಜೊತೆಗೆ ನಮ್ಮ ಹಾಲ್‌ಗಳು ವಿಟ್ರಿಫೈಡ್ ಟೈಲ್ಸ್ ನೆಲದ, ಬರಿಗೋಡೆಯ ಕೋಣೆಗಳು. ಒಂದು ಚಪ್ಪಾಳೆ ತಟ್ಟಿದರೆ ಠಣ್ಣೆಂದು ಮರುದನಿ ಬರುತ್ತದೆ. ಸ್ಪೀಕರ್‌ಗೂ ಕುರ್ಚಿಗೂ ನಡುವೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿದರೆ ಆಗುವ ಸುಧಾರಣೆಯನ್ನು ಹತ್ತು ಸಾವಿರ ಹೆಚ್ಚು ಕೊಟ್ಟ ಆಂಪ್ ಕೂಡ ತರಲಾರದು.

ಜಾಗ ಸರಿಯಾಗಿದೆಯೇ ಎಂದು ತಿಳಿಯಲು ನಾನು ಬಳಸುವುದು ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಕಾಲದ ಧ್ವನಿಮುದ್ರಣಗಳನ್ನು. ಅವು ಮೋನೋ, ಎರಡೂ ಸ್ಪೀಕರ್‌ಗಳಿಂದ ಬರುವುದು ಒಂದೇ ದನಿ. ಸ್ಪೀಕರ್‌ಗಳು ಸರಿಯಾಗಿ ಕೂತಿದ್ದರೆ ಮನ್ಸೂರರು ಎರಡೂ ಪೆಟ್ಟಿಗೆಗಳ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ಕೂತು ಹಾಡುತ್ತಾರೆ. ದನಿ ಒಂದು ಬದಿಗೆ ವಾಲಿದರೆ ಅಂತರ ತಪ್ಪಿದೆ. ದನಿ ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗದೆ ಚದುರಿಹೋಗಿ, ಕೆಳಸ್ವರವೂ ತೆಳುವಾಗಿದ್ದರೆ ಒಂದು ಸ್ಪೀಕರ್‌ನ ಕೆಂಪು ಕಪ್ಪು ವೈರ್ ಅದಲುಬದಲಾಗಿದೆ. ಅನುಮಾನವಿದ್ದರೆ ಆಂಪ್‌ನಿಂದ ವೈರ್ ಬಿಡಿಸಿ, ಒಂದೂವರೆ ವೋಲ್ಟ್‌ನ ಪೆನ್ಸಿಲ್ ಸೆಲ್ಲನ್ನು ಅದರ ತುದಿಗಳಿಗೆ ಒಂದು ಕ್ಷಣ ತಾಗಿಸಿ. ಸೆಲ್‌ನ ಧನ ತುದಿ ಕೆಂಪಿಗೆ ತಾಗಿದಾಗ ವೂಫರ್ ಎರಡರಲ್ಲೂ ಮುಂದಕ್ಕೆ ಚಿಮ್ಮಬೇಕು.

ವೈರ್‌ಗೆ ಹೆಚ್ಚು ಖರ್ಚು ಬೇಡ. ಮನೆ ವೈರಿಂಗ್‌ಗೆ ಬಳಸುವ 1.5 ಚದರ ಮಿಲಿಮೀಟರ್‌ನ ತಾಮ್ರದ ವೈರ್‌ನ ತಡೆ ಮೀಟರ್‌ಗೆ 0.012 ಓಮ್ ಮಾತ್ರ. ನಾಲ್ಕು ಮೀಟರ್ ಹೋಗಿ ಬಂದರೂ 0.1 ಓಮ್ ಆಗುವುದಿಲ್ಲವೆಂದೇ ಹೇಳಬಹುದು. ಗುಂಯ್ ಎನ್ನುವ ಸದ್ದು ಬಂದರೆ ಮೊದಲು ಕೇಬಲ್ ಟಿವಿಯ ವೈರನ್ನು ಬಿಚ್ಚಿ ನೋಡಿ. ಕರೆಂಟ್ ಹೋದಾಗ ಮಾತ್ರ ಬರುವ ಸದ್ದಾದರೆ ಅದು ಸ್ಕ್ವೇರ್ ವೇವ್ (ಚೌಕಾಕಾರದ ಒರಟು ಅಲೆ ಕೊಡುವ) ಯುಪಿಎಸ್‌ನದು.

ಮಾವ ಕೊನೆಗೆ 88 ಡೆಸಿಬೆಲ್‌ನ, ಐದಂಗುಲದ ವೂಫರ್ ಇರುವ ಒಂದು ಜೊತೆಯನ್ನೂ 24 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಇರುವ ಪುಟ್ಟ ಆಂಪನ್ನೂ ಕೊಂಡರು. ಕಳೆದ ಶನಿವಾರ ನಾನೇ ಹೋಗಿ ಜೋಡಿಸಿ ಬಂದೆ. ಷೋಕೇಸ್‌ನ ಮುಂದೆ ಎರಡು ಮರದ ಸ್ಟೂಲ್ ಇಟ್ಟು ಮನ್ಸೂರರನ್ನು ಹಾಕಿದಾಗ, ಅಡುಗೆಮನೆಯಿಂದ ಅತ್ತೆ ಬಂದು ಎರಡು ಪೆಟ್ಟಿಗೆಗಳ ನಡುವಿನ ಬರಿಗೋಡೆಯನ್ನೇ ನೋಡುತ್ತಾ ನಿಂತರು. ವಾಲ್ಯೂಮ್ ಕಾಲು ಭಾಗವನ್ನೂ ದಾಟಿರಲಿಲ್ಲ. ಸ್ಟೂಲ್ ತುಸು ತಗ್ಗಾಯಿತು. ಈ ವಾರ ಬಡಗಿ ಬರುತ್ತಾರೆ, 24 ಅಂಗುಲ ಎತ್ತರದ ಎರಡು ಸ್ಟ್ಯಾಂಡ್ ಎಂದು ಅಳತೆ ಬರೆದುಕೊಟ್ಟು ಬಂದಿದ್ದೇನೆ.