ಮೊದಲು ಬಿಲ್, ಆಮೇಲೆ ಬೆಳಕು

ಬೆಳಕು ಮತ್ತೆ ಸೋತಿತಂತೆ, ಅದಕ್ಕಿಂತ ವೇಗವಾಗಿ ಓಡುವ ನೌಕೆ ಬರುತ್ತದಂತೆ. ನೀವೂ ನೋಡಿರ್ತೀರಿ, ಟಿವಿ ತುಂಬ ಅದೇ ಓಡಿತು. ನಿರೂಪಕ ಗಂಟಲು ಹರಿಯುವ ಹಾಗೆ ಕೂಗಿದ. ಅವನ ಹಿಂದೆ ಒಂದು ನೌಕೆ ನೀಲಿ ಬೆಂಕಿ ಉಗುಳುತ್ತಾ ಅರ್ಧ ಗಂಟೆ ಗಿರಗಿರ ತಿರುಗಿತು. ನಡುವೆ ಸಿಮೆಂಟ್ ಜಾಹೀರಾತು. ಕೊನೆಗೆ ಗೊತ್ತಾಗಿದ್ದೇನಪ್ಪಾ ಅಂದ್ರೆ, ಯಾರೋ ಎಲ್ಲೋ ಕೂತು ಕಾಗದದ ಮೇಲೆ ಒಂದು ಲೆಕ್ಕ ಮಾಡಿದ್ದಾರೆ. ನೌಕೆ ಇಲ್ಲ. ಎಂಜಿನ್ ಇಲ್ಲ. ಒಂದು ನಟ್ಟು ಬೋಲ್ಟ್ ಕೂಡ ಇಲ್ಲ. ಆದರೂ ‘ಇನ್ನು ಕೆಲವೇ ವರ್ಷಗಳಲ್ಲಿ’ ನಾವೆಲ್ಲ ನಕ್ಷತ್ರಗಳಿಗೆ ಹೋಗಿ ಬರ್ತೀವಂತೆ.

ಮಾರನೇ ದಿನ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಚಾದಂಗಡಿಯಲ್ಲಿ ಇದೇ ಚರ್ಚೆ. ಸುಸ್ಲಾ, ಮಿರ್ಚಿ ಮುಗಿಸಿದ ಹಿರಿಯರೊಬ್ಬರು ಕೇಳಿದರು, “ಹಂಗಾದ್ರ ಬೆಂಗಳೂರಿಗಿ ಎಷ್ಟೊತ್ತಿಗಿ ಮುಟ್ತದ್ರೀ ಅದು?” ಬೆಳಕಿನ ವೇಗ ಸೆಕೆಂಡಿಗೆ 2,99,792 ಕಿ.ಮೀ. ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬರಬಹುದು ಅಂದೆ. ಅವರು ಸ್ವಲ್ಪ ಯೋಚಿಸಿ, “ಮತ್ತ ಟಿಕೇಟ್ ಕನ್ಫರ್ಮ್ ಆಗ್ಲಾಕ ಎಷ್ಟ್ ದಿನ ಬೇಕ್ರೀ?” ಅಂದರು. ಟಿವಿಯವರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಐನ್‌ಸ್ಟೈನ್ 1905ರಲ್ಲೇ ಹೇಳಿ ಮುಗಿಸಿದ್ದಾರೆ. ತೂಕ ಇರುವ ಯಾವ ವಸ್ತುವನ್ನೂ ಬೆಳಕಿನ ವೇಗಕ್ಕೆ ಮುಟ್ಟಿಸಲು ಆಗುವುದಿಲ್ಲ. ಹತ್ತಿರ ಹೋದಷ್ಟೂ ಜಾಸ್ತಿ ಶಕ್ತಿ ಸುರಿಯಬೇಕು, ಮುಟ್ಟಬೇಕೆಂದರೆ ಸುರಿದು ಮುಗಿಯುವುದೇ ಇಲ್ಲ. 1977ರಲ್ಲಿ ಹಾರಿಸಿದ ವಾಯೇಜರ್ 1 ಎಂಬ ಬಾಹ್ಯಾಕಾಶ ನೌಕೆ ಸೆಕೆಂಡಿಗೆ 17 ಕಿ.ಮೀ. ವೇಗದಲ್ಲಿ ಇವತ್ತಿಗೂ ಓಡುತ್ತಲೇ ಇದೆ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೇ ಅಲ್ಲಿಗೆ ಮುಟ್ಟಲು ನಾಲ್ಕು ವರ್ಷದ ಮೇಲೆ ಬೇಕು. ವಾಯೇಜರ್ ವೇಗದಲ್ಲಿ ಅಲ್ಲಿಗೆ ಹೋಗಲು ಹತ್ತಿರ ಹತ್ತಿರ 75 ಸಾವಿರ ವರ್ಷ ಬೇಕು. ಅಷ್ಟರೊಳಗೆ ನಮ್ಮ ರಿಂಗ್ ರೋಡಿನ ಕಾಮಗಾರಿ ಮುಗಿದಿರುತ್ತದೆ ಎಂಬ ಆಶಾವಾದಿ ನಾನು.

ಒಂದು ಸಂದು ಇದೆ, ಸುಳ್ಳು ಹೇಳಬಾರದು. ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ 1994ರಲ್ಲಿ ಒಂದು ಉಪಾಯ ಹೇಳಿದರು. ನೌಕೆ ಓಡುವುದು ಬೇಡ, ಜಾಗವನ್ನೇ ಎಳೆಯೋಣ. ಮುಂದಿನ ಜಾಗವನ್ನು ಕುಗ್ಗಿಸಿ, ಹಿಂದಿನದನ್ನು ಹಿಗ್ಗಿಸಿದರೆ ಆಯ್ತು. ನೌಕೆ ನಡುವೆ ಆರಾಮಾಗಿ ಕೂತಿರುತ್ತದೆ, ಐನ್‌ಸ್ಟೈನ್ ನಿಯಮ ಮುರಿದ ಹಾಗೂ ಆಗಲ್ಲ. ಲೆಕ್ಕ ಸರಿ ಇದೆ. ಆದರೆ ಅದಕ್ಕೆ ಬೇಕಾಗಿರುವುದು ನೆಗೆಟಿವ್ ಎನರ್ಜಿ, ಅಂದರೆ ಸೊನ್ನೆಗಿಂತಲೂ ಕೆಳಗಿನ ಶಕ್ತಿ, ಅದೂ ರಾಶಿಗಟ್ಟಲೆ. ಅಷ್ಟನ್ನು ಎಲ್ಲಿಂದ ತರುವುದು ಅಂತ ಮೂವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡು ಕೂತಿದ್ದಾರೆ ಪಾಪ. ನಮ್ಮ ವಾಸ್ತು ಪಂಡಿತರನ್ನು ಒಂದು ಮಾತು ಕೇಳಬಾರದಿತ್ತಾ? ಸೇಡಂ ರೋಡಿನ ಯಾವ ಮನೆಗೆ ಬೇಕಾದರೂ ಕರೆದುಕೊಂಡು ಹೋಗಿ. ಈಶಾನ್ಯದಲ್ಲಿ ಬಾತ್‌ರೂಮ್ ಕಂಡ ಕೂಡಲೇ, “ಭಾಳ ನೆಗೆಟಿವ್ ಎನರ್ಜಿ ಅದರೀ ಇಲ್ಲಿ” ಅಂತ ಮೂಗು ಮುಚ್ಚಿಕೊಳ್ಳುತ್ತಾರೆ. ತೆಗೆಯಲು ಇಪ್ಪತ್ತೈದು ಸಾವಿರ ಕೇಳುತ್ತಾರೆ. ತೆಗೆದದ್ದನ್ನು ಎಲ್ಲಿ ಚೆಲ್ಲುತ್ತಾರೋ ಗೊತ್ತಿಲ್ಲ. ಡಬ್ಬಿಯಲ್ಲಿ ತುಂಬಿಟ್ಟಿದ್ದರೆ ಇಷ್ಟೊತ್ತಿಗೆ ಎರಡು ನೌಕೆಗೆ ಆಗುತ್ತಿತ್ತು.

ಈ ಸುದ್ದಿ ಬಂದಾಗೆಲ್ಲ ವಾಟ್ಸಾಪ್‌ನಲ್ಲಿ ಇನ್ನೊಂದು ಕೂಡ ಬಂದೇ ಬರುತ್ತದೆ. ಬೆಳಕಿನ ವೇಗ ಸಾಯಣಾಚಾರ್ಯರಿಗೆ ಮೊದಲೇ ಗೊತ್ತಿತ್ತು ಎಂಬುದು. 14ನೇ ಶತಮಾನದಲ್ಲಿ ವಿಜಯನಗರದಲ್ಲಿ ಕೂತು ಋಗ್ವೇದಕ್ಕೆ ಭಾಷ್ಯ ಬರೆದ ದೊಡ್ಡ ವಿದ್ವಾಂಸರು ಅವರು. ಅರ್ಧ ನಿಮೇಷಕ್ಕೆ (ನಿಮೇಷ ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು) 2,202 ಯೋಜನ ಕ್ರಮಿಸುವವನೇ ನಿನಗೆ ನಮಸ್ಕಾರ ಅಂತ ಸೂರ್ಯನನ್ನು ಸ್ತುತಿಸುವ ಸಾಲು ಅದು. ಯೋಜನ ಅಂದರೆ ಎಷ್ಟು ದೂರ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಉತ್ತರ ಮೊದಲೇ ಗೊತ್ತಿದ್ದರೆ ಅಳತೆಪಟ್ಟಿ ಹುಡುಕುವುದು ಎಷ್ಟೊತ್ತಿನ ಕೆಲಸ? ಒಂಬತ್ತು ಮೈಲಿ ಅನ್ನಿ, ಕೂತುಕೊಳ್ಳುತ್ತದೆ. ಅಷ್ಟು ಓದಿದ ಆಚಾರ್ಯರ ಮರ್ಯಾದೆಯನ್ನು ಗುಡ್ ಮಾರ್ನಿಂಗ್ ಗುಲಾಬಿ ಹೂವಿನ ಕೆಳಗೆ ತಂದು ಕೂರಿಸಿದ್ದೇವೆ.

ಬೆಳಕು ನಿಜವಾಗಿಯೂ ಸೋತಿತು ಅನ್ನಿಸಿದ ಒಂದು ಪ್ರಸಂಗ ನಡೆದಿತ್ತು. 2011ರ ಸೆಪ್ಟೆಂಬರ್‌ನಲ್ಲಿ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ, ನೆಲದೊಳಗಿಂದ 730 ಕಿ.ಮೀ. ಕಳಿಸಿದ ನ್ಯೂಟ್ರಿನೋ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮುಂಚೆ ಮುಟ್ಟಿದವು. ಜಗತ್ತೆಲ್ಲ ಗದ್ದಲ. ಕೆಲವು ತಿಂಗಳು ತಡಕಾಡಿದ ಮೇಲೆ ಸಿಕ್ಕಿದ್ದು, ಒಂದು ಕೇಬಲ್ ಸರಿಯಾಗಿ ಕೂತಿರಲಿಲ್ಲ. ಲೂಸ್ ಕನೆಕ್ಷನ್! ನಮ್ಮ ಓಣಿಯ ಲೈನ್‌ಮನ್ ಆಗಿದ್ದರೆ ಕಂಬ ಹತ್ತುವ ಮೊದಲೇ ಹೇಳುತ್ತಿದ್ದ. ಇಷ್ಟಕ್ಕೆ ನಗಬೇಡಿ. ಮುಂದಿನದು ಕೇಳಿ. 2012ರ ಮಾರ್ಚ್‌ನಲ್ಲಿ ಆ ಪ್ರಯೋಗದ ಮುಖ್ಯಸ್ಥರಿಬ್ಬರು ರಾಜೀನಾಮೆ ಕೊಟ್ಟರು. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ, ಅದರಲ್ಲಿ ಅರವತ್ತು ಚೂರು ತಪ್ಪಿದ್ದಕ್ಕೆ! ಕಲಬುರಗಿಗೆ ರೈಲ್ವೆ ವಿಭಾಗ ಅಂತ 2014ರಲ್ಲಿ ಘೋಷಣೆ ಆಯಿತು. ಆಮೇಲೆ ಎಷ್ಟು ನ್ಯಾನೋಸೆಕೆಂಡ್ ಕಳೆದವು ಅಂತ ಲೆಕ್ಕ ಹಾಕಲು ನನ್ನ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಜಾಗ ಸಾಲಲಿಲ್ಲ. ಯಾರ ಕುರ್ಚಿಯೂ ಅಲುಗಿಲ್ಲ.

ಇಷ್ಟಾದರೂ ಬೆಳಕನ್ನು ಹಿಂದೆ ಹಾಕಲು ಸಾಧ್ಯವೇ ಇಲ್ಲ ಅಂತ ನಾನು ಹೇಳಲಾರೆ. ಸಾಕ್ಷಿ ನಮ್ಮೂರಲ್ಲೇ ಇದೆ. ಹೇಗೆ ಅಂದ್ರೆ, ಬೆಳಕಿಗಿಂತ ವೇಗವಾಗಿ ಸುದ್ದಿ ಕಳಿಸಲು ಬಂದರೆ, ಓಡುತ್ತಿರುವ ಕೆಲವರ ಪಾಲಿಗೆ ಅದು ಹೊರಡುವ ಮೊದಲೇ ಮುಟ್ಟಿರುತ್ತದೆ. ಜಾಸ್ತಿ ಜಾಣತನ ಮಾಡಿದರೆ ನೀವು ಪ್ರಶ್ನೆ ಕೇಳುವ ಮುಂಚೆಯೇ ಉತ್ತರ ಬಂದು ಕೂತಿರುತ್ತದೆ. ಫಲ ಮೊದಲು, ಕಾರಣ ಆಮೇಲೆ. ಭೌತವಿಜ್ಞಾನಿಗಳು ಹೆದರುವುದು ಇದಕ್ಕೇ. ಒಮ್ಮೆ ಇಲ್ಲಿಗೆ ಬರಲಿ, ಹೆದರಿಕೆ ಹೋಗುತ್ತದೆ. ನಮ್ಮ ಓಣಿಯಲ್ಲಿ ಮೊದಲು ಡಾಂಬರು ಹಾಕಿದರು. ಅದರ ವಾಸನೆ ಹೋಗುವ ಮೊದಲೇ ನೀರಿನ ಪೈಪಿಗೆ ಅಂತ ಜೆಸಿಬಿ ಬಂತು. ಕರಿ ಎರೆ ಮಣ್ಣಿನ ಗುಡ್ಡೆಯ ಮೇಲೆ ಹೊಸ ಡಾಂಬರಿನ ತುಂಡುಗಳು ಮುರಿದ ಕಡಕ್ ರೊಟ್ಟಿಯ ಹಾಗೆ ಬಿದ್ದಿದ್ದವು. ಪಕ್ಕದಲ್ಲೇ ‘ರಸ್ತೆ ಮಾಡಿಸಿಕೊಟ್ಟ ಜನಪ್ರಿಯ ನಾಯಕರಿಗೆ ಹಾರ್ದಿಕ ಅಭಿನಂದನೆಗಳು’ ಎಂಬ ಫ್ಲೆಕ್ಸ್. ಟಂಟಂ ಆಟೋದವನು ಗುಂಡಿ ತಪ್ಪಿಸಲು ಹೋಗಿ ಆ ಫ್ಲೆಕ್ಸಿಗೇ ಗುದ್ದಿದ. ಬಿಲ್ ಮೊದಲು, ಕೆಲಸ ಆಮೇಲೆ. ಉದ್ಘಾಟನೆ ಮೊದಲು, ಕಟ್ಟಡ ಆಮೇಲೆ. ಸನ್ಮಾನ ಮೊದಲು, ಸಾಧನೆ ನೋಡೋಣ. ಐನ್‌ಸ್ಟೈನ್‌ಗೆ ಆಗದ್ದನ್ನು ನಮ್ಮ ಗುತ್ತಿಗೆದಾರರು ಒಂದು ಟೆಂಡರ್‌ನಲ್ಲಿ ಮಾಡಿ ತೋರಿಸಿದ್ದಾರೆ. ಇಂಥ ಪ್ರತಿಭೆಗೆ ನೊಬೆಲ್ ಸಣ್ಣದಾಯಿತು.

ನನ್ನ ಅಕ್ಕನ ಮಗ ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ ಹೈಸ್ಕೂಲು ಓದುತ್ತಾನೆ. ಆ ಟಿವಿ ಕಾರ್ಯಕ್ರಮ ಅವನೂ ನೋಡಿದ್ದ. ಫೋನ್ ಮಾಡಿ ಕೇಳಿದ, “ಮಾಮಾ, ಬೆಳಕಿಗಿಂತ ಜೋರ್ ಹೋದ್ರ ಟೈಮ್ ಹಿಂದಕ ಹೋಗ್ತದಂತ, ಖರೇನಾ?” ನಿಮ್ಮ ವಿಜ್ಞಾನದ ಸರ್ ಏನಂದ್ರು ಅಂದೆ. “ವಿಜ್ಞಾನಕ್ಕ ಸರ್ ಇಲ್ಲ ಮಾಮಾ. ಹಿಂದಿ ಟೀಚರೇ ಪುಸ್ತಕ ಓದಿಸ್ತಾರ.”

ಇಲ್ಲಿ ನನಗೆ ತಮಾಷೆ ಬರುವುದಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಕೊನೆ ಯಾದಗಿರಿ. 2025ರಲ್ಲಿ ಕೊನೆ ಕಲಬುರಗಿ. ನೂರಕ್ಕೆ 42 ಮಕ್ಕಳು ಪಾಸ್. ಅದೇ ವರ್ಷ ದಕ್ಷಿಣ ಕನ್ನಡದಲ್ಲಿ 91. ನಮ್ಮ ಮಕ್ಕಳ ತಲೆಯಲ್ಲಿ ಏನು ಕಮ್ಮಿ ಇದೆ? ಆ ಹುಡುಗ ಕೇಳಿದ ಪ್ರಶ್ನೆ ಭೌತವಿಜ್ಞಾನದ ದೊಡ್ಡ ಪ್ರಶ್ನೆಗಳಲ್ಲಿ ಒಂದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಬಂದು ಹತ್ತು ವರ್ಷ ದಾಟಿತು, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು, ಬೋರ್ಡುಗಳಿಗೆ ಬಣ್ಣ ಬಳಿದಾಯಿತು. ಆ ಹುಡುಗನಿಗೆ ಒಬ್ಬ ಮೇಷ್ಟ್ರನ್ನು ಕೊಡಲು ಆಗಲಿಲ್ಲ. ಪ್ರತಿ ವರ್ಷ ಫಲಿತಾಂಶದ ದಿನ ಒಂದು ಸಭೆ, ಒಂದು ನೋಟಿಸು, ಒಂದು ‘ಮಿಷನ್’. ಹೇಳಿ ಹೇಳಿ ನಮಗೂ ಸಾಕಾಗಿದೆ, ಕೇಳಿ ಕೇಳಿ ಅವರಿಗೂ ರೂಢಿಯಾಗಿದೆ.

ಇರಲಿ. ನಾಳೆ ಆ ನೌಕೆ ನಿಜವಾಗಿಯೂ ಹೊರಟಿತು ಅಂತ ಇಟ್ಟುಕೊಳ್ಳೋಣ. ಮುಂಬೈಯಿಂದ ಹೊರಟು, ಸೊಲ್ಲಾಪುರದ ಮೇಲೆ ಹಾದು, ನಮ್ಮ ತಲೆ ಮೇಲಿಂದ ಹೈದರಾಬಾದ್ ಕಡೆ ಹೋಗುತ್ತದೆ, ಅದರಲ್ಲಿ ಅನುಮಾನ ಬೇಡ. ಕಲಬುರಗಿಗೆ ಕೋಟಾ ನಾಲ್ಕು ಸೀಟು ಕೊಟ್ಟರೆ ಪುಣ್ಯ. ಆದ್ದರಿಂದ ಮನವಿ ಪತ್ರ ಈಗಲೇ ಬರೆಸಿಟ್ಟಿದ್ದೇವೆ. ಶಹಾಬಾದ್ ಮತ್ತು ವಾಡಿ ಜಂಕ್ಷನ್‌ನಲ್ಲಿ ತಲಾ ಎರಡು ನಿಮಿಷ ಸ್ಟಾಪ್ ಕೊಡಬೇಕು. ಕೊಡದಿದ್ದರೆ ರೈಲು ತಡೆಯುತ್ತೇವೆ, ನೌಕೆ ಕೈಗೆ ಸಿಗಲ್ಲವಲ್ಲ.