ಗಾಡಿ ನಿಂತ್ರೂ ಗಡಿಯಾರ ನಿಲ್ಲಲ್ಲ

ಶುಕ್ರವಾರ ರಾತ್ರಿ ಎಂಟೂವರೆ ಅಂದ್ರೆ ನಮ್ಮನೇಲಿ ಸೀರಿಯಲ್ ಟೈಮು. ಯುರೋಪಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ಇದ್ದ ವಾರ ಎರಡನೇ ಪ್ರಾಕ್ಟೀಸ್ ಶುರುವಾಗೋದೂ ಸಾಮಾನ್ಯವಾಗಿ ಅದೇ ಹೊತ್ತಿಗೆ. ಹಂಗಾಗಿ ಟಿವಿ ಅಮ್ಮಂದು, ಲ್ಯಾಪ್‌ಟಾಪ್ ನಂದು ಅಂತ ಒಪ್ಪಂದ ಆಗಿದೆ, ಆದ್ರೂ ಆಡ್ ಬಂದಾಗ ಅಮ್ಮ ಈ ಕಡೆ ಒಂದ್ಸಲ ಕತ್ತು ಚಾಚಿ ನೋಡ್ತಾಳೆ. ಹಂಗೆ ನೋಡಿದಾಗೊಮ್ಮೆ ಯಾವನೋ ಗೋಡೆಗೆ ಗುದ್ದಿ ರೆಡ್ ಫ್ಲಾಗ್ ಆಗಿತ್ತು, ಅಂದ್ರೆ ಎಲ್ಲರೂ ಓಡಿಸೋದು ನಿಲ್ಲಿಸಬೇಕು. ಗಾಡಿಗಳೆಲ್ಲ ಗ್ಯಾರೇಜಲ್ಲಿ, ಟ್ರ್ಯಾಕ್ ಖಾಲಿ, ಒಂದು ಕ್ರೇನು ಮಾತ್ರ ಓಡಾಡ್ತಿದೆ, ಆದ್ರೆ ಸ್ಕ್ರೀನ್ ಮೂಲೇಲಿ ಟೈಮು ತನ್ನ ಪಾಡಿಗೆ ಇಳೀತಾನೇ ಇದೆ. "ಅಲ್ವೋ, ಯಾರೂ ಓಡಿಸ್ತಾ ಇಲ್ಲ, ಟೈಮ್ ಯಾಕೋ ಓಡ್ತಿದೆ? ಅದನ್ನ ನಿಲ್ಸೋಕೆ ಒಬ್ರೂ ಇಲ್ವಾ ಅಲ್ಲಿ?" ಅಂದ್ಲು.

ಇದ್ದಾರೆ. ಮಾರನೇ ದಿನ ಕ್ವಾಲಿಫೈಯಿಂಗಲ್ಲಿ ರೆಡ್ ಫ್ಲಾಗ್ ಬಿದ್ರೆ ಅದೇ ಜನ ಅದೇ ಗಡಿಯಾರಾನ ನಿಲ್ಲಿಸ್ತಾರೆ, ಅದರ ಮೊದಲ ಭಾಗ ಕ್ಯೂ1 ಹದಿನೆಂಟು ನಿಮಿಷ, ಎರಡನೇದು ಕ್ಯೂ2 ಹದಿನೈದು, ಒಂದು ಸೆಕೆಂಡೂ ಯಾರಿಗೂ ಮೋಸ ಆಗಬಾರದು, ಯಾಕಂದ್ರೆ ಭಾನುವಾರ ಯಾರು ಎಲ್ಲಿ ನಿಲ್ಲಬೇಕು ಅನ್ನೋದು ಅಲ್ಲಿ ತೀರ್ಮಾನ ಆಗೋದು. ಪ್ರಾಕ್ಟೀಸ್‌ಗೆ ಆ ಮರ್ಯಾದೆ ಇಲ್ಲ. ಈಗ ಅರವತ್ತು ನಿಮಿಷ ಕೊಡ್ತಾರೆ (2020ರ ತನಕ ಶುಕ್ರವಾರದ್ದು ತೊಂಬತ್ತು ಇತ್ತು), ನೀನು ಗುದ್ಕೋ, ಮಳೆ ಬರ್ಲಿ, ಟ್ರ್ಯಾಕ್ ಮೇಲೆ ನಾಯಿ ಬರ್ಲಿ, ಸಾಮಾನ್ಯವಾಗಿ ಹೋಗಿದ್ದು ಹೋಯ್ತು. ನಾಯಿ ಅಂದಿದ್ದು ತಮಾಷೆಗಲ್ಲ. 2011ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಮೊದಲನೇ ಇಂಡಿಯನ್ ಗ್ರ್ಯಾಂಡ್ ಪ್ರಿ ಆಯ್ತಲ್ಲ, ಅದರ ಮೊಟ್ಟಮೊದಲ ಪ್ರಾಕ್ಟೀಸೇ ನಾಯಿ ನುಗ್ಗಿ ರೆಡ್ ಫ್ಲಾಗ್ ಆಗಿತ್ತು. ಕೋಟಿಗಟ್ಟಲೆ ದುಡ್ಡು ಸುರಿದು ಕಟ್ಟಿದ ಸರ್ಕ್ಯೂಟು, ನಮ್ಮೂರ ನಾಯಿಗೆ ಪಾಸ್ ಬೇಕಾಗಲಿಲ್ಲ.

ಈ ಅರವತ್ತು ನಿಮಿಷ ನಿಜವಾಗಿ ಯಾರದು ಅಂತ ಯೋಚನೆ ಮಾಡಿದ್ರೆ, ರೇಸ್ ಓಡಿಸೋರದು ಮಾತ್ರ ಅಲ್ಲ. ಅವರು ಎದ್ದು ಹೋಗೋದನ್ನೇ ಕಾಯ್ತಾ ಆಚೆ ಅದೇ ಟ್ರ್ಯಾಕಲ್ಲಿ ಓಡಿಸಬೇಕಾದ ಕೆಳಗಿನ ದರ್ಜೆಯ ಫಾರ್ಮುಲಾ ಟೂ ಹುಡುಗರು ನಿಂತಿರ್ತಾರೆ, ಅವರ ಹಿಂದೆ ಫಾರ್ಮುಲಾ ತ್ರೀ, ಕೆಲವು ಕಡೆ ಪೋರ್ಷೆ ಕಪ್ ರೇಸಿನವರು. ಒಬ್ಬರು ಇಪ್ಪತ್ತು ನಿಮಿಷ ಎಳೆದ್ರೆ ಸಾಯಂಕಾಲದೊಳಗೆ ಎಲ್ಲರದ್ದೂ ಲೇಟು. ಕರಾವಳಿ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ, ಬೆಳಗಿನ ತನಕ ನಡೀತಿದ್ದ ಆಟ ಈಗ ಎಷ್ಟೋ ಕಡೆ ಕಾಲಮಿತಿ ಯಕ್ಷಗಾನ ಆಗಿದೆ, ಅದೇನು ಭಾಗವತರಿಗೆ ಸುಸ್ತಾಯ್ತು ಅಂತ ಅಲ್ಲ, ಮೈಕ್ ಪರ್ಮಿಷನ್ನು, ನೋಡೋಕೆ ಬಂದವರ ಮಾರನೇ ದಿನದ ಡ್ಯೂಟಿ, ಇಂಥವು. ರೇಸಲ್ಲೂ ಟೈಮಿಗೆ ಗೆರೆ ಎಳೆಯೋರು ಮುಕ್ಕಾಲು ಪಾಲು ರಂಗಸ್ಥಳದ ಹೊರಗಿನವರೇ. ಐಲ್ ಆಫ್ ಮ್ಯಾನ್‌ನ ಟಿಟಿ ಬೈಕ್ ರೇಸ್ ನೋಡಿ, ಸುಮಾರು 60 ಕಿಲೋಮೀಟರ್ ಸುತ್ತಳತೆ, ಎಲ್ಲಾ ಜನ ದಿನಾ ಓಡಾಡೋ ರಸ್ತೆ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆ ತನಕ ಮುಚ್ಚಿರುತ್ತೆ ಅಂತ ಸರ್ಕಾರಿ ಆದೇಶ ಹೊರಡಿಸಿ ಅಷ್ಟರಲ್ಲೇ ಓಡಿಸಬೇಕು. ಆ ರಸ್ತೆ ಪಕ್ಕದ ಮನೆಯವರಿಗೂ ಅಂಗಡಿಗೆ ಹೋಗಿ ಹಾಲು ತರೋದಿರುತ್ತಲ್ಲ.

ಇನ್ನೊಬ್ಬ ಹೊರಗಿನವನು ಹೆಲಿಕಾಪ್ಟರು. ಏನಾದ್ರೂ ಅನಾಹುತ ಆದ್ರೆ ಡ್ರೈವರ್‌ನ ಆಸ್ಪತ್ರೆಗೆ ಹಾರಿಸ್ಕೊಂಡು ಹೋಗೋಕೆ ಅದು ರೆಡಿ ಇರಬೇಕು, ಅದು ಹಾರೋ ಹಂಗಿಲ್ಲ ಅಂದ್ರೆ ಗಾಡಿಗಳೂ ಹೊರಡೋ ಹಂಗಿಲ್ಲ. 2017ರಲ್ಲಿ ಶಾಂಘೈನಲ್ಲಿ ಮಬ್ಬು ಕವಿದು ಹೆಲಿಕಾಪ್ಟರ್ ಆಸ್ಪತ್ರೆ ಹತ್ರ ಇಳಿಯೋಕೆ ಆಗಲ್ಲ ಅಂತ ಎರಡನೇ ಪ್ರಾಕ್ಟೀಸ್ ಪೂರ್ತಿ ಹೋಯ್ತು, ದುಡ್ಡು ಕೊಟ್ಟು ಕೂತ ಜನರ ಮುಖ ನೋಡಲಾರದೆ ಚಾಂಪಿಯನ್ ಡ್ರೈವರ್ ಹ್ಯಾಮಿಲ್ಟನ್ನೇ ಎದ್ದು ಹೋಗಿ ಸ್ಟ್ಯಾಂಡ್ ಕಡೆ ಟೋಪಿ ಎಸೆದು ಬಂದ. 2020ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗಲ್ಲಿ ಮಂಜು, ಶುಕ್ರವಾರದ ಎರಡೂ ಪ್ರಾಕ್ಟೀಸ್ ಗೋತಾ. ಅವತ್ತು ಹಳೇ ಚಾಂಪಿಯನ್ ಶೂಮಾಕರ್ ಮಗ ಮಿಕ್ ಮೊದಲನೇ ಸಲ ಗ್ರ್ಯಾಂಡ್ ಪ್ರಿ ಪ್ರಾಕ್ಟೀಸಿಗೆ ಇಳಿಯೋನಿದ್ದ, ಅಪ್ಪನ ದೇಶದಲ್ಲಿ, ಪಾಪ. ನಾಳೆ ಆ ಟೈಮ್ ವಾಪಸ್ ಕೊಡ್ತೀವಿ ಅನ್ನೋ ಮಾತೇ ಇಲ್ಲ.

ಇಷ್ಟೆಲ್ಲ ಬಿಗಿಯಾದ ಟೈಮಲ್ಲಿ ಬದುಕೋ ಜನಾನೇ ಟೈಮ್ ಮಿಸ್ ಮಾಡ್ಕೊಂಡಿದ್ದು ನೋಡಬೇಕು ಅಂದ್ರೆ 2019ರ ಇಟಲಿಯ ಮೊಂಜಾ ಕ್ವಾಲಿಫೈಯಿಂಗ್ ನೋಡಿ, ನಂಗೆ ಬೇಜಾರಾದಾಗೆಲ್ಲ ಆ ಕೊನೇ ಎರಡು ನಿಮಿಷ ಹಾಕ್ಕೊಂಡು ನೋಡ್ತೀನಿ. ಮೊಂಜಾದಲ್ಲಿ ಉದ್ದುದ್ದ ನೇರ ರಸ್ತೆ, ಮುಂದಿನ ಗಾಡಿ ಗಾಳಿ ಸೀಳ್ಕೊಂಡು ಹೋದ್ರೆ ಹಿಂದಿನವನಿಗೆ ಗಾಳಿ ತಡೆ ಕಮ್ಮಿ, ಬಿಟ್ಟಿ ಸ್ಪೀಡು. ಹಂಗಾಗಿ ಯಾರಿಗೂ ಮುಂದೆ ಹೋಗೋದು ಬೇಡ. ನೀವು ಮೊದಲು, ಇಲ್ಲ ನೀವೇ ಮೊದಲು ಅಂತ ಗ್ಯಾರೇಜಲ್ಲೇ ಕಾದ್ರು, ಕೊನೆಗೆ ಟೈಮ್ ಆಗ್ತಾ ಬಂತು ಅಂತ ಎಲ್ಲರೂ ಒಟ್ಟಿಗೆ ಹೊರಟ್ರು, ಹೊರಟ ಮೇಲೂ ಅದೇ ಕಥೆ, ಹುಲ್ಕೆನ್‌ಬರ್ಗ್ ಮೊದಲನೇ ತಿರುವಲ್ಲಿ ಬೇಕಂತಲೇ ನೆಟ್ಟಗೆ ಹೋಗಿ ಹಿಂದೆ ಸರ್ಕೊಂಡ, ಇನ್ನಿಬ್ಬರು ಅವನ ಜೊತೆ ಅಕ್ಕಪಕ್ಕ ತೆವಳ್ಕೊಂಡು ರಸ್ತೆ ಅಡ್ಡ ಹಾಕಿದ್ರು, ಹಿಂದಿದ್ದೋರೂ ನಿಧಾನ. ಸೊನ್ನೆ ಆಗೋದ್ರೊಳಗೆ ಗೆರೆ ದಾಟಿದ್ರೆ ಮಾತ್ರ ಇನ್ನೊಂದು ಸುತ್ತು ಓಡಿಸಬಹುದು, ಅದು ರೂಲು. ಬಂದೋರಲ್ಲಿ ಸೈನ್ಜ್ ಮತ್ತೆ ಲೆಕ್ಲೇರ್ ಬಿಟ್ರೆ ಮಿಕ್ಕವರಿಗೆಲ್ಲ ಗೆರೆ ಹತ್ರ ಮುಗೀತು ಅನ್ನೋ ಬಾವುಟ ಕಾಯ್ತಿತ್ತು. ಲೆಕ್ಲೇರ್‌ಗೆ ಮುಂಚೆ ಹೊಡೆದ ಸುತ್ತಲ್ಲೇ ಪೋಲ್, ಅಂದ್ರೆ ಭಾನುವಾರ ಎಲ್ಲರಿಗಿಂತ ಮುಂದೆ ನಿಲ್ಲೋ ಜಾಗ ಸಿಕ್ಕಿತು. ಗಂಟೆಗೆ 350 ಕಿಲೋಮೀಟರ್ ಹತ್ತಿರ ಹೋಗೋ ಗಾಡಿಗಳು ಸೆಕೆಂಡುಗಳ ಲೆಕ್ಕದಲ್ಲಿ ಲೇಟ್ ಆಗಿದ್ದು, ಅದೂ ನಿಧಾನ ಹೋಗಿ.

ರೇಸಿಗೂ ಗಡಿಯಾರ ಇದೆ, ಅದು ಬೇಗ ಕಣ್ಣಿಗೆ ಬೀಳಲ್ಲ ಅಷ್ಟೇ. ಲೆಕ್ಕ ಸುತ್ತಿನದು, 305 ಕಿಲೋಮೀಟರ್ ದಾಟೋವಷ್ಟು (ಮೊನಾಕೊಗೆ ಮಾತ್ರ 260), ಆದ್ರೆ ಓಡಿದ ಟೈಮ್ ಎರಡು ಗಂಟೆ ಮುಟ್ಟಿದ್ರೆ ಸುತ್ತು ಬಾಕಿ ಇದ್ರೂ ಬಾವುಟ. ಸಿಂಗಾಪುರದಲ್ಲಿ ಇದು ಎಷ್ಟೋ ಸಲ ಆಗಿದೆ. 2011ರಲ್ಲಿ ಕೆನಡಾದಲ್ಲಿ ಮಳೆಗೆ ನಿಲ್ಲಿಸಿ ಕಾದು ಮತ್ತೆ ಓಡಿಸಿ ಎಲ್ಲಾ ಮುಗಿಯೋ ಹೊತ್ತಿಗೆ ನಾಲ್ಕು ಗಂಟೆ ನಾಲ್ಕು ನಿಮಿಷ ದಾಟಿತ್ತು, ಆಮೇಲೆ ಒಟ್ಟು ನಾಲ್ಕೇ ಗಂಟೆ ಅಂತ ಮಾಡಿದ್ರು, ಈಗ ಅದನ್ನೂ ಮೂರಕ್ಕೆ ಇಳಿಸಿದ್ದಾರೆ.

ಇನ್ನು ಸೂರ್ಯ. ಅವನ ಜೊತೆ ಚೌಕಾಸಿ ಮಾಡೋಕೆ ಹೋಗಿ ಕೆಟ್ಟಿದ್ದು 2009ರ ಮಲೇಷ್ಯಾ, ಯುರೋಪಿನವರು ಆರಾಮಾಗಿ ಟಿವಿ ನೋಡ್ಲಿ ಅಂತ ಅಲ್ಲಿನ ಸಾಯಂಕಾಲ ಐದಕ್ಕೆ ಸ್ಟಾರ್ಟ್ ಇಟ್ರು, ಸಾಯಂಕಾಲ ಆದ್ರೆ ಆ ಕಡೆ ಮಳೆ ಹೆಂಗೆ ಹುಯ್ಯುತ್ತೆ ಅಂತ ಅಲ್ಲಿನ ಯಾರನ್ನ ಕೇಳಿದ್ರೂ ಹೇಳ್ತಿದ್ರು. ರೇಸ್ ನಿಂತಿತು, ಕತ್ತಲಾಯ್ತು, ಮತ್ತೆ ಶುರುವಾಗಲೇ ಇಲ್ಲ, ಗೆದ್ದ ಬಟನ್‌ಗೆ ಸಿಗಬೇಕಾದ ಪಾಯಿಂಟಲ್ಲಿ ಅರ್ಧ ಮಾತ್ರ, ರೈಕೊನೆನ್ ಗ್ಯಾರೇಜಿಗೆ ಹೋಗಿ ಐಸ್‌ಕ್ರೀಮ್ ತಿಂತಾ ನಿಂತಿದ್ದ. ನಗೋ ವಿಷಯ ಅಲ್ಲದ್ದು 2014ರ ಜಪಾನಿನ ಸುಜುಕಾ, ಮಳೆ, ಬೆಳಕು ಕುಗ್ಗೋ ಹೊತ್ತಲ್ಲಿ ಜೂಲ್ಸ್ ಬಿಯಾಂಕಿ ಅಪಘಾತ, ಮಾರನೇ ವರ್ಷ ಆ ಹುಡುಗ ತೀರ್ಕೊಂಡ. ವಿಚಾರಣೆ ಮಾಡಿದ ಸಮಿತಿ ಹೇಳಿದ್ರಲ್ಲಿ ಒಂದು ಮಾತು ಇದು: ರಾತ್ರಿ ರೇಸ್ ಬಿಟ್ಟು ಮಿಕ್ಕ ರೇಸು ಹೊತ್ತು ಮುಳುಗೋಕೆ ನಾಲ್ಕು ಗಂಟೆ ಮುಂಚೆಯಾದ್ರೂ ಶುರುವಾಗಬೇಕು. ಇದೊಂದರ ಬಗ್ಗೆ ನಂದೇನೂ ತಕರಾರಿಲ್ಲ.

ಟಿವಿಯವರ ಬಗ್ಗೆ ಇದೆ. 2018ರಲ್ಲಿ ಯುರೋಪಿನ ರೇಸ್‌ಗಳನ್ನ ಒಂದು ಗಂಟೆ ಹತ್ತು ನಿಮಿಷ ಮುಂದಕ್ಕೆ ತಳ್ಳಿದ್ರು, ಗಂಟೆ ಹೊಡೆದ ಮೇಲೆ ಹತ್ತು ನಿಮಿಷಕ್ಕೆ ಸ್ಟಾರ್ಟ್ ಇಟ್ರೆ, ಸರಿಯಾಗಿ ಗಂಟೆಗೆ ಪ್ರಸಾರ ಶುರು ಮಾಡೋ ಚಾನಲ್‌ಗಳಿಗೆ ಸ್ಟಾರ್ಟ್‌ಗೆ ಮುಂಚಿನ ಗಲಾಟೆ ತೋರಿಸೋಕೆ ಸಿಗುತ್ತೆ ಅಂತ. ನಮಗಿಲ್ಲಿ ಐದೂವರೆಗೆ ಕಾಫಿ ಜೊತೆ ನೋಡ್ತಿದ್ದ ರೇಸು ಆರೂ ನಲವತ್ತಕ್ಕೆ, ದೇವರ ದೀಪ ಹಚ್ಚೋ ಹೊತ್ತಿಗೆ ಬಂತು. 2021ರಲ್ಲಿ ಆ ಹತ್ತು ನಿಮಿಷ ತೆಗೆದ್ರು. ದೀಪ ಅಂತೂ ತಪ್ಪಲಿಲ್ಲ.

ಈ ಹೊರಗಿನವರೆಲ್ಲ ಒಂದೇ ರಾತ್ರಿ ಒಟ್ಟಿಗೆ ಎದುರಾಗಿದ್ದು 2023ರ ಲಾಸ್ ವೇಗಸ್. ಮೊದಲ ಪ್ರಾಕ್ಟೀಸ್ ಶುರುವಾಗಿ ಎಂಟೊಂಬತ್ತು ನಿಮಿಷಕ್ಕೆ ರಸ್ತೆ ಮೇಲಿನ ಒಂದು ಮುಚ್ಚಳ ಕಿತ್ಕೊಂಡು ಸೈನ್ಜ್ ಫೆರಾರಿಯ ತಳ ಸೀಳಿತು, ಸೆಷನ್ ಬಂದ್. ಉಳಿದ ಮುಚ್ಚಳಗಳನ್ನೆಲ್ಲ ನೋಡಿ ಸರಿ ಮಾಡಿ ಎರಡನೇ ಪ್ರಾಕ್ಟೀಸ್ ಶುರುವಾಗೋ ಹೊತ್ತಿಗೆ ಅಲ್ಲಿ ಬೆಳಗಿನ ಜಾವ ಎರಡೂವರೆ. ಅವತ್ತು ದೊಡ್ಡ ಮನಸ್ಸು ಮಾಡಿ ತೊಂಬತ್ತು ನಿಮಿಷ ಕೊಟ್ರು, ನಾಲ್ಕಕ್ಕೆ ಮುಗೀತು, ಆಮೇಲೆ ಊರಿನ ರಸ್ತೆ ಊರಿಗೆ ಬಿಟ್ಟುಕೊಡಬೇಕಿತ್ತು. ಆದ್ರೆ ಸ್ಟ್ಯಾಂಡಲ್ಲಿ ಜನ ಇರಲಿಲ್ಲ, ಒಂದೂವರೆಗೇ ಎಬ್ಬಿಸಿ ಕಳಿಸಿದ್ರು. ಯಾಕಂದ್ರೆ ಸೆಕ್ಯೂರಿಟಿಯವರ ಡ್ಯೂಟಿ ತುಂಬಾ ಹೊತ್ತಾಗಿತ್ತು, ಜನರನ್ನ ವಾಪಸ್ ಹೋಟೆಲಿಗೆ ಬಿಡಬೇಕಾಗಿದ್ದ ಬಸ್ ಡ್ರೈವರ್‌ಗಳಿಗೆ ಕಾನೂನು ಪ್ರಕಾರ ಗಾಡಿ ಓಡಿಸಬಹುದಾದ ಗಂಟೆಗಳು ಮುಗೀತಾ ಬಂದಿದ್ವು. ಅವತ್ತೊಂದೇ ದಿನಕ್ಕೆ ಟಿಕೆಟ್ ತಗೊಂಡವರಿಗೆ 200 ಡಾಲರ್ ವೋಚರ್ ಕೊಟ್ರು, ಅದನ್ನೂ ಅವರದ್ದೇ ಅಂಗಡೀಲಿ ಖರ್ಚು ಮಾಡಬೇಕು. ಇಲ್ಲಿ ನಮಗೆ ಶುಕ್ರವಾರ ಸಾಯಂಕಾಲ ನಾಲ್ಕು ಗಂಟೆ, ಆಫೀಸಲ್ಲಿ ಟೀ ಬ್ರೇಕು, ಟಿಕೆಟ್ ತಗೊಳ್ಳದೇ ಇದ್ದ ನಾವು ಆರಾಮಾಗಿ ಪೂರ್ತಿ ನೋಡಿದ್ವಿ.